ಆ ಚೂಪು ಟೋಪಿಯವರು ಯಾರು?

ಫೋನಿನಲ್ಲಿರುವ ಸ್ಪೇನಿನ ಸೆವಿಯಾದ ಫೋಟೊ ತೋರಿಸಿದರೆ ಸಾಕು, ನೋಡಿದವರೆಲ್ಲ ಒಂದೇ ಮಾತು ಕೇಳುತ್ತಾರೆ. "ಇವರು ಅಮೆರಿಕದ ಕು ಕ್ಲಕ್ಸ್ ಕ್ಲಾನ್‌ನವರು ಅಲ್ವಾ?"

ಉದ್ದನೆಯ ನಿಲುವಂಗಿ, ತಲೆ ಮೇಲೆ ಮೊಳದುದ್ದದ ಚೂಪು ಟೋಪಿ, ಮುಖ ಪೂರ್ತಿ ಮುಚ್ಚಿ ಕಣ್ಣಿಗೆ ಮಾತ್ರ ಎರಡು ತೂತು. ಕರಿಯರನ್ನು ಹಿಂಸಿಸುತ್ತಿದ್ದ ಆ ಗುಂಪನ್ನು ಸಿನಿಮಾಗಳಲ್ಲಿ ನೋಡಿದವರಿಗೆ ಹಾಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಇವರಿಗೂ ಅವರಿಗೂ ಏನೇನೂ ಸಂಬಂಧ ಇಲ್ಲ.

ಇವರು ನಾಸರೇನೊಗಳು. ಸ್ಪೇನಿನ ದಕ್ಷಿಣಕ್ಕಿರುವ ಆಂದಲೂಸಿಯಾದಲ್ಲಿ ಈಸ್ಟರ್‌ಗೆ ಮುಂಚಿನ ವಾರ ನಡೆಯುವ ಸೆಮಾನಾ ಸಾಂತಾ ಹಬ್ಬದ ಭಕ್ತರು. ಸೆವಿಯಾ ಊರೊಂದರಲ್ಲೇ ಸುಮಾರು 60 ಭಕ್ತಕೂಟಗಳು ತಮ್ಮ ತಮ್ಮ ಚರ್ಚಿನಿಂದ ಹೊರಟು, ಊರಿನ ದೊಡ್ಡ ಚರ್ಚಾದ ಕೆಥೆಡ್ರಲ್ ಮುಟ್ಟಿ, ವಾಪಸ್ ಬರುತ್ತವೆ. ಕೆಲವು ಮೆರವಣಿಗೆಗಳು 12 ಗಂಟೆಗೂ ಜಾಸ್ತಿ ಹೊತ್ತು ಬೀದಿಯಲ್ಲೇ ಇರುತ್ತವೆ.

ಟೋಪಿಯ ಹೆಸರು ಕಪಿರೋತೆ. ಒಳಗೆ ರಟ್ಟು, ಮೇಲೆ ಬಟ್ಟೆ. ಇದರ ಬೇರು ಇರುವುದು ಧರ್ಮದ್ರೋಹದ ವಿಚಾರಣೆ ಮಾಡುತ್ತಿದ್ದ ಚರ್ಚಿನ ನ್ಯಾಯಾಲಯ, ಇನ್ಕ್ವಿಸಿಷನ್ ಕಾಲದಲ್ಲಿ. ಧರ್ಮದ್ರೋಹಿ ಎಂದು ತೀರ್ಪಾದವರ ತಲೆಗೆ ಕಾಗದದ ಚೂಪು ಟೋಪಿ ಇಟ್ಟು, ಊರಿನ ಮುಂದೆ ನಿಲ್ಲಿಸಿ ಮಾನ ಕಳೆಯುತ್ತಿದ್ದರು. ಮುಂದೆ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಭಕ್ತರು ಅಂಥದ್ದೇ ಟೋಪಿಯನ್ನು ತಾವಾಗಿಯೇ ತಲೆಗೇರಿಸಿಕೊಂಡರು. ನಾನೂ ತಪ್ಪು ಮಾಡಿದವನೇ ಎಂದು ಒಪ್ಪಿಕೊಂಡ ಹಾಗೆ. ಕ್ಲಾನ್ ಹುಟ್ಟಿದ್ದು 1865ರಲ್ಲಿ. ಚೂಪು ಬಿಳಿ ಟೋಪಿ ಅವರ ಗುರುತಾಗಿದ್ದು 1915ರ ನಂತರ. ದ್ವೇಷ ಕಾರಿದವರ ನೆರಳು ಪಶ್ಚಾತ್ತಾಪ ಪಡುವವರ ಮೇಲೆ ಬಿದ್ದಿದೆಯಲ್ಲ ಅಂತ ನನಗೆ ಸಂಕಟವಾಗುತ್ತದೆ.

ಸರಿ, ಮುಖ ಯಾಕೆ ಮುಚ್ಚಬೇಕು? ಹೆದರಿಸುವುದಕ್ಕಲ್ಲ. ಇಂಥವರು ಎಷ್ಟು ಭಕ್ತಿಯಿಂದ ನಡೆದರು ಎಂದು ಯಾರೂ ಹೊಗಳಬಾರದು, ಅದಕ್ಕೆ. ಆ ಬಟ್ಟೆಯ ಹಿಂದೆ ಡಾಕ್ಟರ್ ಇರಬಹುದು, ಮೀನು ಮಾರುವವರು ಇರಬಹುದು, ಪಕ್ಕದ ಮನೆಯ ಹುಡುಗಿಯೂ ಇರಬಹುದು. (ಹೌದು, ಹೆಂಗಸರೂ ಇರುತ್ತಾರೆ. 2011ರಿಂದ ಸೆವಿಯಾದ ಯಾವ ಕೂಟವೂ ಅವರನ್ನು ಬೇಡ ಅನ್ನುವಂತಿಲ್ಲ.) ಎಷ್ಟೋ ಕೂಟಗಳ ನಿಯಮ ಇನ್ನೂ ಬಿಗಿ: ಮನೆಯಿಂದ ಚರ್ಚಿಗೆ ಮುಖ ಮುಚ್ಚಿಕೊಂಡೇ, ಹತ್ತಿರದ ದಾರಿಯಲ್ಲಿ, ಯಾರ ಹತ್ತಿರವೂ ಮಾತಾಡದೆ ಹೋಗಬೇಕು. ಹೆಗಲ ಮೇಲೆ ಶಿಲುಬೆ ಹೊತ್ತವರಿಗೆ ಟೋಪಿಯೊಳಗೆ ರಟ್ಟು ಇರುವುದಿಲ್ಲ, ಬಟ್ಟೆ ಸುಮ್ನೆ ಬೆನ್ನಿಗೆ ಇಳಿಬಿದ್ದಿರುತ್ತದೆ.

ಕಾಣದೆ ದುಡಿಯುವವರು ಇನ್ನೂ ಇದ್ದಾರೆ. ಕ್ರಿಸ್ತನ, ಮರಿಯಮ್ಮನ ಮೂರ್ತಿ ಇರುವ ಭಾರಿ ಅಟ್ಟಣೆಗೆ ಪಾಸೊ ಅನ್ನುತ್ತಾರೆ. ಅದರ ಕೆಳಗೆ, ಪರದೆಯೊಳಗೆ, ಹತ್ತಾರು ಜನ ಕೋಸ್ತಲೇರೊಗಳು ಕತ್ತಲೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತಾರೆ. ತಲೆಗೆ ಸಿಂಬಿಯಂಥ ಬಟ್ಟೆ ಸುತ್ತಿ, ಭಾರವನ್ನೆಲ್ಲ ಕತ್ತಿನ ಹಿಂಭಾಗದ ಮೇಲೆ ಹೊರುತ್ತಾರೆ. ಹೊರಗಿದ್ದ ನಮಗೆ ಕಾಣುವುದು ಅವರ ಪಾದ ಮಾತ್ರ. ಮುಂದಾಳು ಲೋಹದ ಬಡಿಗೆ ಬಡಿದ ಕೂಡಲೇ ಇಡೀ ಪಾಸೊ ಒಂದೇ ನೆಗೆತಕ್ಕೆ ಮೇಲೇಳುತ್ತದೆ. ಆಗ ಮೇಲಿನ ಮೇಣದಬತ್ತಿಗಳೆಲ್ಲ ಒಮ್ಮೆ ನಡುಗುತ್ತವೆ, ನನ್ನ ಎದೆಯೂ. ಹಿಂದೆ ಬಂದರಿನ ಹಮಾಲರಿಗೆ ಕೂಲಿ ಕೊಟ್ಟು ಹೊರಿಸುತ್ತಿದ್ದರು. 1973ರಲ್ಲಿ ವಿದ್ಯಾರ್ಥಿಗಳ ಕೂಟವೊಂದು ತನ್ನ ಪಾಸೊಗೆ ತಾನೇ ಹೆಗಲು ಕೊಟ್ಟಿತು. ಈಗ ಹೊರುವುದಕ್ಕೆ ಕಾಯುವವರ ಸಾಲೇ ಇರುತ್ತದೆ.

ಈಸ್ಟರ್ ಹುಣ್ಣಿಮೆ ಲೆಕ್ಕದ ಹಬ್ಬ. ಹಾಗಾಗಿ ಗುರುವಾರ ರಾತ್ರಿ, ಶುಕ್ರವಾರ ಬೆಳಗಿನ ಜಾವದ ನಡುವಿನ, ಅಲ್ಲಿನವರು ಮದ್ರುಗಾ ಅನ್ನುವ ಹೊತ್ತಿಗೆ ಚಂದ್ರ ಹೆಚ್ಚುಕಡಿಮೆ ಪೂರ್ತಿ ಇರುತ್ತಾನೆ. ಆ ಬೆಳಕಿನಲ್ಲಿ ಕೆನ್ನೆ ಮೇಲೆ ಗಾಜಿನ ಕಣ್ಣೀರಿರುವ ಮಕರೇನಾ ತಾಯಿ, ಅಂದರೆ ಆ ಹೆಸರಿನ ಮರಿಯಮ್ಮನ ಮೂರ್ತಿ, ಬರುತ್ತಾಳೆ. ಧೂಪದ ಹೊಗೆ, ಕಿತ್ತಳೆ ಹೂವಿನ ವಾಸನೆ. ಯಾವುದೋ ಬಾಲ್ಕನಿಯಿಂದ ಒಬ್ಬರೇ ಸಾಯೆತಾ ಎಂಬ ಭಕ್ತಿಗೀತೆ ಹಾಡಿದರೆ ಕಿಕ್ಕಿರಿದ ಬೀದಿ ಉಸಿರು ಹಿಡಿದು ಕೇಳುತ್ತದೆ.

ಅಲ್ಲಿ ನನ್ನ ಮುಂದೆಯೇ ಒಂದು ಪುಟ್ಟ ಹುಡುಗಿ ನಿಂತಿದ್ದಳು. ನಾಲ್ಕು ವರ್ಷ ಇರಬಹುದು. ಕೈಯಲ್ಲಿ ಮೇಣದ ಉಂಡೆ. ಅಲ್ಲಿನ ಮಕ್ಕಳು ಬೆಳ್ಳಿ ಕಾಗದದ ಸಣ್ಣ ಉಂಡೆ ಮೇಲೆ ಮೇಣ ಹನಿಸಿಕೊಂಡು ವರ್ಷವರ್ಷವೂ ದೊಡ್ಡದು ಮಾಡುತ್ತಾ ಹೋಗುತ್ತಾರೆ. ಕಪ್ಪು ಟೋಪಿಯ ಎತ್ತರದ ನಾಸರೇನೊ ಒಬ್ಬರು ಬಂದಾಗ ಅವಳು ಆ ಎರಡು ತೂತುಗಳನ್ನೇ ನೋಡುತ್ತಾ, "ಮೇಣ ಕೊಡ್ತೀರಾ?" ಎಂದಳು. ಅವರು ಮಾತಾಡಲಿಲ್ಲ. ನಿಂತು, ಬಗ್ಗಿ, ಉದ್ದನೆಯ ಮೇಣದಬತ್ತಿಯನ್ನು ಓರೆ ಮಾಡಿದರು. ಬಿಸಿ ಹನಿ ಅವಳ ಬೆರಳಿಗೆ ತಾಗದಿರಲಿ ಎಂದು ಕೈಗವಸಿನ ಕೈಯನ್ನು ಅಡ್ಡ ಹಿಡಿದಿದ್ದರು.