ಪಾಂಡಿಚೇರಿ ಸೈಕಲ್ ಟೂರ್: ಊರಿಗೆ ಗೈಡ್ ಬೇಕು, ಬೀಚಿಗೆ ಬೇಡ

ಪಾಂಡಿಚೇರಿಗೆ ಹೋಗಿ ಗೈಡ್ ಜೊತೆ ಸೈಕಲ್ ಟೂರ್ ಮಾಡಬೇಕು ಅಂತಿರುವವರಿಗೆ ಮೊದಲೇ ಒಂದು ಮಾತು. ಊರು ಸುತ್ತಿಸುವುದಕ್ಕೆ ಮಾತ್ರ ದುಡ್ಡು ಕೊಡಿ. ‘ಬೀಚ್ ಸಮೇತ’ ಅಂತ ಹೇಳಿ ಜಾಸ್ತಿ ಕೇಳಿದರೆ ಬೇಡ ಅನ್ನಿ. ನಾನೂ ನಮ್ಮಕ್ಕನೂ ಫೆಬ್ರವರಿಯಲ್ಲಿ ಹೋಗಿ ಬಂದೆವು. ತಲೆಗೆ 1,400 ರೂಪಾಯಿ ಕೊಟ್ಟೆವು. ಅರ್ಧ ದುಡ್ಡಿಗೆ ಸಿಕ್ಕಿದ್ದು ನಿಜವಾಗಿ ಚೆನ್ನಾಗಿತ್ತು. ಇನ್ನರ್ಧ ನೀರಲ್ಲಿ ಹೋಮ ಮಾಡಿದ ಹಾಗಾಯಿತು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ನನಗೆ ರೂಮು ಹೇಗಿದ್ದರೂ ನಡೆಯುತ್ತೆ, ಫ್ಯಾನ್ ತಿರುಗಿದರೆ ಸಾಕು. ಜನಜಂಗುಳಿ ಮಾತ್ರ ತಡೆಯೋಕೆ ಆಗಲ್ಲ. ಕೆಳಗಿನದ್ದನ್ನೆಲ್ಲ ಅದನ್ನು ನೆನಪಿಟ್ಟುಕೊಂಡು ಓದಿ.

ಬಸ್ಸಿನ ವಿಷಯದಲ್ಲಿ ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಬೆಂಗಳೂರಿನಿಂದ ಪಾಂಡಿಗೆ ಇರುವುದೇ 310 ಕಿ.ಮೀ. ಆಸುಪಾಸು. ರಾತ್ರಿ ರಸ್ತೆ ಖಾಲಿ ಇರುತ್ತೆ, ಆರು ಗಂಟೆ ಸಾಕು. ಇದನ್ನು ಲೆಕ್ಕ ಹಾಕದೆ ರಾತ್ರಿ 9.30ರ ಖಾಸಗಿ ಸ್ಲೀಪರ್ ಬುಕ್ ಮಾಡಿದೆವು. ಟಿಕೆಟ್‌ನಲ್ಲಿ ತಲುಪುವ ಹೊತ್ತು 5.45 ಅಂತ ಇತ್ತು. ಕ್ಲೀನರ್ ಪರದೆ ಎಳೆದು ‘ಪಾಂಡಿ, ಪಾಂಡಿ’ ಅಂತ ಎಬ್ಬಿಸಿದಾಗ ಗಂಟೆ 3.40. ಬಸ್ ಸ್ಟ್ಯಾಂಡಿಗೂ ಹೋಗಲಿಲ್ಲ. ಇಂದಿರಾ ಗಾಂಧಿ ಪ್ರತಿಮೆ ಇರುವ ಸರ್ಕಲ್‌ನಲ್ಲಿ ಇಳಿಸಿ ಹೊರಟೇಬಿಟ್ಟರು. ಆ ಕತ್ತಲಲ್ಲಿ ಇಬ್ಬರು ಹೆಂಗಸರು, ಎರಡು ಬ್ಯಾಗು, ಸುತ್ತ ನಾಲ್ಕು ಆಟೋ. ಸಮುದ್ರದ ಕಡೆಗೆ ಬಿಡೋಕೆ 300 ಕೇಳಿದರು, ಜಗಳ ಆಡಿ 200ಕ್ಕೆ ಇಳಿಸಿದೆವು. ರೂಮು ಸಿಗುವುದು ಮಧ್ಯಾಹ್ನ 12ಕ್ಕೆ. ಹಾಗಾಗಿ ರಾತ್ರಿ 11ರ ಮೇಲೆ ಹೊರಡುವ ಬಸ್ಸನ್ನೇ ಹಿಡಿಯಿರಿ. ಬುಕ್ ಮಾಡುವಾಗ ಎಲ್ಲಿ ಇಳಿಸ್ತಾರೆ ಅಂತಲೂ ಕೇಳಿ.

ಒಂದು ಸಮಾಧಾನ ಅಂದರೆ ಬೀಚ್ ರೋಡ್. ಸಂಜೆ 6ರಿಂದ ಬೆಳಿಗ್ಗೆ 7.30ರವರೆಗೆ ಅಲ್ಲಿ ಗಾಡಿ ಬಿಡುವುದಿಲ್ಲ. ನಾಲ್ಕೂವರೆಗೆಲ್ಲ ವಾಕಿಂಗ್ ಮಾಡುವವರು ಬಂದುಬಿಡುತ್ತಾರೆ. ಬ್ಯಾಗು ಕಾಲ ಹತ್ತಿರ ಇಟ್ಟುಕೊಂಡು ಕಟ್ಟೆ ಮೇಲೆ ಕೂತು ಬೆಳಕು ಹರಿಯುವುದನ್ನು ನೋಡಿದೆವು. ಭಯ ಆಗಲಿಲ್ಲ.

ಟೂರ್ ಇದ್ದದ್ದು ಮಾರನೇ ದಿನ, ಶನಿವಾರ. ಬೆಳಿಗ್ಗೆ 6.30ಕ್ಕೆ ಶುರು. ಏಳು ಜನ ಇದ್ದೆವು. ಗೈಡ್ ಅದೇ ಊರಿನ ಹುಡುಗ, ಇಪ್ಪತ್ತೈದು ವರ್ಷ ಇರಬಹುದು. ನಮ್ಮಿಬ್ಬರನ್ನೂ ‘ಅಕ್ಕಾ’ ಅಂತಲೇ ಕರೆಯುತ್ತಿದ್ದ. ಮೊದಲು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಚರ್ಚಿನ ಹತ್ತಿರ ಅಲ್ಲ, ಕಾಲುವೆ ಹತ್ತಿರ. ಊರಿನ ನಡುವೆ ಉತ್ತರ-ದಕ್ಷಿಣ ಹರಿಯುವ ಆ ಕಾಲುವೆ ಈಗ ನಾತ ಹೊಡೆಯುತ್ತೆ. ಆದರೆ ಅದೇ ಗಡಿ. ಸಮುದ್ರದ ಕಡೆ ಫ್ರೆಂಚರ ಬೀದಿಗಳು (ವೈಟ್ ಟೌನ್ ಅನ್ನುವುದು ಇದಕ್ಕೇ), ಈಚೆ ಕಡೆ ತಮಿಳರದ್ದು. ಬೀದಿಗಳನ್ನು ಹೀಗೆ ಅಡ್ಡ-ಉದ್ದ ಗೆರೆ ಎಳೆದ ಹಾಗೆ ಹಾಕಿದ್ದು ಫ್ರೆಂಚರೇ ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಅಲ್ಲವಂತೆ. 1693ರಲ್ಲಿ ಡಚ್ಚರು ಊರನ್ನು ಹಿಡಿದು 1699ರವರೆಗೆ ಇಟ್ಟುಕೊಂಡಿದ್ದರು. ನಕ್ಷೆ ಹಾಕಿದವರು ಅವರು. 1761ರಲ್ಲಿ ಇಂಗ್ಲಿಷರು ಊರನ್ನು ನೆಲಸಮ ಮಾಡಿದರು. ಆಮೇಲೆ ಫ್ರೆಂಚರು ಅದೇ ಗೆರೆಗಳ ಮೇಲೆ ಮತ್ತೆ ಕಟ್ಟಿಕೊಂಡರು. ಸೈಕಲ್ ಮೇಲೆ ಹೋಗುವಾಗ ಇದು ಚೆನ್ನಾಗಿ ಗೊತ್ತಾಗುತ್ತೆ. ಯಾವ ಬೀದಿಯಲ್ಲಿ ಪೂರ್ವಕ್ಕೆ ತಿರುಗಿದರೂ ತುದಿಯಲ್ಲಿ ಒಂದು ಚೂರು ಸಮುದ್ರ ಕಾಣುತ್ತೆ.

ಹಳದಿ ಗೋಡೆ, ಬೊಗನ್‌ವಿಲ್ಲಾ ಫೋಟೋ ಎಲ್ಲರೂ ನೋಡಿದ್ದೀರಿ. ಅದಕ್ಕೆ ಗೈಡ್ ಬೇಕಿಲ್ಲ. ಗೈಡ್ ಬೇಕಾಗುವುದು ಕಾಲುವೆ ದಾಟಿ ಪಶ್ಚಿಮಕ್ಕೆ ಬಂದಾಗ. ಅಲ್ಲಿನ ಒಂದು ಮನೆ ಮುಂದೆ ಹುಡುಗ ಸೈಕಲ್ ನಿಲ್ಲಿಸಿ ‘ಕೆಳಗೆ ತಮಿಳು, ಮೇಲೆ ಫ್ರೆಂಚ್ ನೋಡಿ’ ಅಂದ. ಹೌದು. ಕೆಳಗೆ ಮರದ ಕಂಬ, ಓರೆ ಹೆಂಚು, ಜಗಲಿ. ಮಹಡಿಯಲ್ಲಿ ಕಮಾನಿನ ಕಿಟಕಿ, ಫ್ರೆಂಚರ ಥರ ಮರದ ಪಟ್ಟಿಯ ಬಾಗಿಲು. ಜಗಲಿಗೆ ಅವರು ತಿಣ್ಣೈ ಅಂತಾರೆ. ಕೆಂಪು ನೆಲ, ಕೈಯಾಡಿ ಕೈಯಾಡಿ ಕನ್ನಡಿ ಆಗಿದೆ. ಒಂದು ತುದಿಯಲ್ಲಿ ಗಾರೆಯಲ್ಲೇ ದಿಂಬಿನ ಹಾಗೆ ಇಳಿಜಾರು ಮಾಡಿದ್ದಾರೆ, ದಾರಿಹೋಕರು ತಲೆ ಇಟ್ಟು ಮಲಗಲಿ ಅಂತ. ಅಕ್ಕ ಅದನ್ನು ಸವರಿ ನೋಡಿ, ‘ದುರ್ಗದಲ್ಲಿ ತಾತನ ಮನೆ ಜಗಲೀಲಿ ಹಿಂಗೇ ಇತ್ತಲ್ಲೇ’ ಅಂದಳು. ನನಗೆ ನೆನಪಿರಲಿಲ್ಲ. ಅವಳಿಗಿತ್ತು.

ಇನ್ನೊಂದು ಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮುದುಕರಿಗೆ ಹುಡುಗ ‘ಬೋಂಜೂರ್’ ಅಂದ. ಅವರೂ ‘ಬೋಂಜೂರ್’ ಅಂದು ತಮಿಳಲ್ಲಿ ಮಾತು ಮುಂದುವರಿಸಿದರು. ಫ್ರೆಂಚ್ ಸೈನ್ಯದಲ್ಲಿದ್ದು ಪಿಂಚಣಿ ತಗೊಳ್ಳುವವರಿಗೆ ಇಲ್ಲಿ ‘ಸೋಲ್ದಾ’ ಅಂತ ಹೆಸರು. ಪಾಂಡಿಚೇರಿಯ ಆಡಳಿತ ಭಾರತಕ್ಕೆ ಬಂದದ್ದು 1954ರ ನವೆಂಬರ್ 1ರಂದು. ಕಾಗದಪತ್ರದ ಪ್ರಕಾರ ಪೂರ್ತಿ ಸೇರಿದ್ದು 1962ರಲ್ಲಿ. ಆಗ ಬೇಕಾದವರು ಫ್ರೆಂಚ್ ಪೌರರಾಗಿಯೇ ಉಳಿಯಬಹುದಿತ್ತು. ಅಂಥ ಕುಟುಂಬಗಳು ಈಗಲೂ ಇವೆ. ಮಣಕುಳ ವಿನಾಯಕರ್ ದೇವಸ್ಥಾನದ ಆನೆ ಲಕ್ಷ್ಮಿ 2022ರ ನವೆಂಬರ್ 30ರಂದು ಬೆಳಗಿನ ವಾಕಿಂಗ್‌ನಲ್ಲೇ ಕುಸಿದು ಸತ್ತ ವಿಷಯ ಹೇಳುವಾಗ ಹುಡುಗನ ದನಿ ಇಳಿದುಹೋಯಿತು. ಚಿಕ್ಕವನಿದ್ದಾಗಿಂದ ನೋಡಿದ್ದನಂತೆ. ಈ ಎರಡು ಗಂಟೆಗೆ ಕೊಟ್ಟ ದುಡ್ಡು ಸಾರ್ಥಕ.

ಆಮೇಲೆ ಶುರುವಾಯಿತು ನೋಡಿ. ಫೋನಿನಲ್ಲಿ ‘ಎರಡು ಬೀಚ್’ ಅಂದಿದ್ದರು. ತಿಂಡಿ ಮುಗಿಸಿ 9 ಗಂಟೆಗೆ ನಮ್ಮನ್ನು ಈಸಿಆರ್ (ಈಸ್ಟ್ ಕೋಸ್ಟ್ ರೋಡ್) ರಸ್ತೆಗೆ ಹತ್ತಿಸಿದರು. ಚೆನ್ನೈ ಕಡೆಯ ಬಸ್ಸು, ಲಾರಿ, ಕಾರು ಎಲ್ಲ ಅದೇ ರಸ್ತೆಯಲ್ಲಿ. ಅಂಚಿನಲ್ಲಿ ಸೈಕಲ್ಲಿಗೆ ಅಂತ ಜಾಗ ಇಲ್ಲ. ಹೆಲ್ಮೆಟ್ ಕೊಟ್ಟಿರಲಿಲ್ಲ. ಅಕ್ಕನ ಸೈಕಲ್ ಚೈನು ಮೂರು ಸಲ ಕಳಚಿತು. ಮೂರನೇ ಸಲ ಬಸ್ಸೊಂದು ಹಾರ್ನ್ ಹೊಡೆದುಕೊಂಡು ಪಕ್ಕದಲ್ಲೇ ಹೋಯಿತು, ಅವಳ ಕೈ ನಡುಗುತ್ತಿತ್ತು. ಇಷ್ಟು ಕಷ್ಟಪಟ್ಟು ಸೆರೆನಿಟಿ ಬೀಚ್ ತಲುಪಿದರೆ ಅಲ್ಲಿ ಇಪ್ಪತ್ತೇ ನಿಮಿಷ. ಆಗಲೇ ಜನ ತುಂಬಿದ್ದರು. ‘ಎರಡನೇ ಬೀಚ್ ಎಲ್ಲಪ್ಪ?’ ಅಂತ ಕೇಳಿದೆ. ‘ಬೆಳಿಗ್ಗೆ ಗಾಂಧಿ ಪ್ರತಿಮೆ ಹತ್ತಿರ ನೋಡಿದ್ರಲ್ಲ ಅಕ್ಕಾ’ ಅಂದ ಹುಡುಗ, ತಲೆ ತಗ್ಗಿಸಿಕೊಂಡು. ತಪ್ಪು ಅವನದ್ದಲ್ಲ. ಟೂರ್ ನಡೆಸುವವರಿಗೆ ಫೋನ್ ಮಾಡಿದರೆ ‘ಎರಡು ಬೀಚ್ ತೋರಿಸಿದ್ದೀವಲ್ಲ ಮೇಡಂ’ ಅಂದುಬಿಟ್ಟರು. ಬಿಟ್ಟಿಯಾಗಿ ನಡೆದು ನೋಡುವ ದಡಕ್ಕೆ ದುಡ್ಡು ತಗೊಂಡರಲ್ಲ ಅಂತ ಈಗಲೂ ಸಿಟ್ಟು ಬರುತ್ತೆ. ಹಾಗಾಗಿ ಬುಕ್ ಮಾಡುವ ಮುಂಚೆ ಬೀಚಿನ ಹೆಸರು, ಹೋಗುವ ರಸ್ತೆ, ಅಲ್ಲಿ ಎಷ್ಟು ಹೊತ್ತು, ಈ ಮೂರನ್ನೂ ಬರೆದು ಕಳಿಸಿ ಅಂತ ಕೇಳಿ. ಹೊರಡುವ ಮುಂಚೆ ಎರಡೂ ಬ್ರೇಕು, ಚೈನು, ಸೀಟು ನೋಡಿಕೊಳ್ಳಿ. ಚೆನ್ನಾಗಿಲ್ಲದಿದ್ದರೆ ಬೇರೆ ಸೈಕಲ್ ಕೊಡುವವರೆಗೂ ಹತ್ತಬೇಡಿ.

ಟೂರಿನವರು ಕೊಟ್ಟ ತಿಂಡಿ ಎರಡು ತುಂಡು ಬ್ರೆಡ್ಡು, ಜಾಮು, ತಣ್ಣಗಾದ ಕಾಫಿ. ನಿಜವಾದ ತಿಂಡಿ ಸಿಕ್ಕಿದ್ದು ಮಾರನೇ ಬೆಳಿಗ್ಗೆ. ಗೌಬರ್ಟ್ ಮಾರ್ಕೆಟ್‌ನ ಪಶ್ಚಿಮಕ್ಕೆ ಒಂದು ಗಲ್ಲಿಯಲ್ಲಿ, ಮನೆಯ ತಿಣ್ಣೈ ಮೇಲೆಯೇ ಒಬ್ಬ ಪಾಟಿ (ತಮಿಳಲ್ಲಿ ಅಜ್ಜಿ) ನಡೆಸುವ ಹೋಟೆಲ್. ಬೋರ್ಡಿಲ್ಲ. ಬೆಂಚು ಎರಡು. ಮಾರ್ಕೆಟ್‌ಗೆ ಹೂವು ತರುವವರು, ಮೂಟೆ ಹೊರುವವರು ಅಲ್ಲೇ ತಿನ್ನುತ್ತಾರೆ. ಬಾಳೆ ಎಲೆ ತುಂಡಿನ ಮೇಲೆ ಪೊಂಗಲ್ ಹಾಕಿದರು. ತುಪ್ಪ ಜಾಸ್ತಿ ಇಲ್ಲ, ಆದರೆ ಮೆಣಸು ಜೀರಿಗೆ ಆಗ ತಾನೇ ಕುಟ್ಟಿದ್ದು, ಘಮ ಮೂಗಿಗೆ ಬಡಿಯುತ್ತಿತ್ತು. ಜೊತೆಗೆ ಚಟ್ನಿ ಅಲ್ಲ, ಬದನೆಕಾಯಿ ಗೊತ್ಸು. ಆ ಕಡೆ ಚಿದಂಬರಂ ಸೀಮೆಯಲ್ಲಿ ಇದು ಹೆಸರುವಾಸಿ. ನಮ್ಮ ಗೊಜ್ಜಿನ ಅಕ್ಕತಂಗಿ, ಆದರೆ ಬೆಲ್ಲ ಇಲ್ಲ. ಬದನೆಕಾಯಿ ಕರಗಿ ಹುಣಸೆಹುಳಿಯ ಜೊತೆ ಒಂದಾಗಿರುತ್ತೆ, ಮೇಲೆ ಎಳ್ಳೆಣ್ಣೆ ತೇಲುತ್ತಿರುತ್ತೆ. ಬಿಸಿ ಪೊಂಗಲ್ ನಡುವೆ ಗುಂಡಿ ಮಾಡಿ ಅದನ್ನು ಸುರಿದುಕೊಂಡು ತಿನ್ನಬೇಕು. ಆಮೇಲೆ ಇಡಿಯಾಪ್ಪ (ಒತ್ತು ಶಾವಿಗೆ), ತೆಂಗಿನಹಾಲು, ಸಕ್ಕರೆ. ಹಾಲು ಆಗ ಹಿಂಡಿದ್ದು, ನೀರು ಬೆರೆಸದ್ದು. ಸಾಕು ಅಂದರೂ ಪಾಟಿ ‘ಸಾಪ್ಪಿಡು ಕಣ್ಣು’ (ತಿನ್ನು ಕಂದಾ) ಅಂತ ಇನ್ನೊಂದು ಹಾಕಿದರು, ಅದಕ್ಕೆ ದುಡ್ಡು ಹಿಡಿಯಲಿಲ್ಲ. ಇಬ್ಬರಿಗೂ ಸೇರಿ, ಕಾಫಿ ಸಮೇತ 130 ರೂಪಾಯಿ. ಹಿಂದಿನ ರಾತ್ರಿ ವೈಟ್ ಟೌನ್ ಕೆಫೆಯೊಂದರಲ್ಲಿ ಒಂದು ಕಾಫಿಗೇ 220 ಕೊಟ್ಟಿದ್ದೆವು. ಪಾಟಿ ಹತ್ತಿರ 8.30ರ ಒಳಗೆ ಹೋಗಿ, ಆಮೇಲೆ ಪಾತ್ರೆ ಖಾಲಿ. ಗಲ್ಲಿ ಗುರುತು ಹೇಳಲು ಬರುವುದಿಲ್ಲ. ಹೂವಿನವರನ್ನು ಕೇಳಿ, ಕೈ ತೋರಿಸುತ್ತಾರೆ.

ಕೊನೇ ದಿನ ನಾವೇ ಸೈಕಲ್ ಬಾಡಿಗೆಗೆ ತಗೊಂಡೆವು. ದಿನಕ್ಕೆ 150. ಅಂಗಡಿಯವರು ಅಸಲಿ ಆಧಾರ್ ಕೇಳಿದರು. ಕೊಡಲಿಲ್ಲ, ಜೆರಾಕ್ಸ್ ಕೊಟ್ಟು 1,000 ಮುಂಗಡ ಇಟ್ಟೆವು. ಹಿಂದಿನ ಸಂಜೆಯೇ ತಂದು ರೂಮಿನ ಹತ್ತಿರ ನಿಲ್ಲಿಸಿಕೊಂಡಿದ್ದೆವು, ಯಾಕೆಂದರೆ ಬೆಳಿಗ್ಗೆ 6ಕ್ಕೆ ಅಂಗಡಿ ತೆರೆದಿರುವುದಿಲ್ಲ. ದಕ್ಷಿಣಕ್ಕೆ ಹೊರಟು, ರೈಲ್ವೆ ಸ್ಟೇಷನ್ ದಾಟಿ, ಕಡಲೂರು ರಸ್ತೆ ಹಿಡಿದು, ಅರಿಯಾಂಕುಪ್ಪಂ ಸೇತುವೆ ದಾಟಿ ಎಡಕ್ಕೆ ತಿರುಗಿದೆವು. ಕಡಲೂರು ರಸ್ತೆಯಲ್ಲೂ ಗಾಡಿ ಇರುತ್ತೆ. ಅದಕ್ಕೇ 6 ಗಂಟೆಗೆ ಹೊರಡಿ ಅನ್ನುವುದು. ಎಡಕ್ಕೆ ತಿರುಗಿದ ಮೇಲೆ ತೆಂಗು, ಮಾವು, ಶಾಲೆಗೆ ಹೊರಟ ಮಕ್ಕಳು. ರಸ್ತೆ ಒಂದೇ ಮಟ್ಟ, ಏರು ಇಲ್ಲವೇ ಇಲ್ಲ.

ಅಲ್ಲಿ ನದಿ ದಂಡೆಯಲ್ಲಿರುವುದೇ ಅರಿಕಮೇಡು. ನೋಡಲು ಹೆಚ್ಚೇನೂ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮಾವಿನ ಮರಗಳು, ಒಂದು ಬೋರ್ಡು, ಹದಿನೆಂಟನೇ ಶತಮಾನದ ಪಾದ್ರಿಗಳ ಕಟ್ಟಡದ ಮುರುಕು ಇಟ್ಟಿಗೆ ಗೋಡೆ. ಆದರೆ ಎರಡು ಸಾವಿರ ವರ್ಷದ ಹಿಂದೆ ರೋಮಿನ ದ್ರಾಕ್ಷಾರಸದ ಹೂಜಿಗಳು ಬಂದಿಳಿದ ಜಾಗ ಅದು. ಇಲ್ಲಿ ಗಾಜಿನ ಮಣಿ, ಕಲ್ಲಿನ ಮಣಿ ಮಾಡುತ್ತಿದ್ದರು. 1945ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಇಲ್ಲಿ ಅಗೆಸಿದ. ರೋಮಿನ ಪಾತ್ರೆಗಳ ಕಾಲ ಗೊತ್ತಿದ್ದರಿಂದ, ಅದೇ ಪದರದಲ್ಲಿ ಸಿಕ್ಕ ನಮ್ಮ ಮಡಕೆಗಳ ಕಾಲವನ್ನೂ ಹೇಳುವ ಹಾಗಾಯಿತು. ಆ ಅಳತೆಗೋಲು ಹಿಡಿದುಕೊಂಡು 1947ರಲ್ಲಿ ಅವನು ಬಂದದ್ದು ಎಲ್ಲಿಗೆ ಗೊತ್ತಾ? ನಮ್ಮ ಚಿತ್ರದುರ್ಗ ಜಿಲ್ಲೆಗೆ. ಬ್ರಹ್ಮಗಿರಿಗೂ ಚಂದ್ರವಳ್ಳಿಗೂ. ಚಂದ್ರವಳ್ಳಿಯಲ್ಲಿ ರೋಮಿನ ಬೆಳ್ಳಿ ನಾಣ್ಯ ಸಿಕ್ಕಿವೆ. ಸ್ಕೂಲಲ್ಲಿದ್ದಾಗ ಪ್ರತಿ ವರ್ಷ ಅಲ್ಲಿಗೇ ಪಿಕ್ನಿಕ್ ಹೋಗುತ್ತಿದ್ದೆವು. ಕೆರೆ ಏರಿ ಮೇಲೆ ಕೂತು ಚಿತ್ರಾನ್ನ ತಿಂದು ಬರುತ್ತಿದ್ದೆವು ಅಷ್ಟೆ. ಅಕ್ಕ ಬೆರಳುದ್ದದ ಒಂದು ಮಡಕೆ ಚೂರು ಎತ್ತಿಕೊಂಡಳು. ಒಂದು ಬದಿ ಕಪ್ಪು, ಒಂದು ಬದಿ ಕೆಂಪು. ತುಂಬಾ ಹೊತ್ತು ಹಿಡಿದುಕೊಂಡಿದ್ದು, ಇದ್ದ ಜಾಗದಲ್ಲೇ ಇಟ್ಟಳು. ನೀವೂ ಏನನ್ನೂ ತರಬೇಡಿ. ನೀರು ಮಾತ್ರ ತಗೊಂಡು ಹೋಗಿ, ಹತ್ತಿರ ಅಂಗಡಿ ಇಲ್ಲ.

ಅಲ್ಲಿಂದ ವೀರಾಂಪಟ್ಟಿನಂ ಸೈಕಲ್ಲಿಗೆ ಕೆಲವೇ ನಿಮಿಷ. ಮೀನುಗಾರರ ಊರು, ಸೆಂಗಳುನೀರ್ ಅಮ್ಮನ ದೊಡ್ಡ ದೇವಸ್ಥಾನ, ಅದರಾಚೆ ಅಗಲವಾದ ಮರಳು ದಂಡೆ. ಪಾಂಡಿ ಊರಿನ ಮುಂದೆ ಬರೀ ಕಪ್ಪು ಬಂಡೆ, ಇಲ್ಲಿ ಇಷ್ಟು ಮರಳು ಹೇಗೆ ಅಂತ ಅನ್ನಿಸುತ್ತೆ ಅಲ್ವಾ? ಕಾರಣ ಎರಡರ ನಡುವೆ ಇರುವ ಬಂದರು. ಈ ಕರಾವಳಿಯಲ್ಲಿ ವರ್ಷದ ಹೆಚ್ಚು ತಿಂಗಳು ಅಲೆ ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ತಳ್ಳುತ್ತೆ. 1980ರ ದಶಕದ ಕೊನೆಗೆ ಬಂದರಿಗೆ ಕಲ್ಲಿನ ತಡೆಗೋಡೆ ಕಟ್ಟಿದರು. ಮರಳು ದಕ್ಷಿಣದಲ್ಲೇ ನಿಂತಿತು. ಉತ್ತರದ ದಡ ಕೊರೆದುಹೋಯಿತು, ಅದನ್ನು ಉಳಿಸಲು ಬಂಡೆ ಸುರಿದರು. ಈಗ ಸೆಕ್ರೆಟರಿಯೇಟ್ ಎದುರು ನೀರಿನೊಳಗೆ ದಿಬ್ಬ ಕಟ್ಟಿ ಸ್ವಲ್ಪ ಮರಳು ವಾಪಸ್ ತಂದಿದ್ದಾರೆ.

ನಾವು ಹೋದಾಗ ದೋಣಿಗಳು ಆಗ ತಾನೇ ದಡ ಸೇರಿದ್ದವು. ಗಂಡಸರು ಬಲೆ ಒದರುತ್ತಿದ್ದರು, ಹೆಂಗಸರು ಮೀನು ಆರಿಸಿ ಬುಟ್ಟಿಗೆ ಹಾಕುತ್ತಿದ್ದರು. ಪ್ರವಾಸಿಗರು ಅಂತ ಇದ್ದದ್ದು ನಾವಿಬ್ಬರೇ. ಮೀನಿನ ವಾಸನೆ ಇರುತ್ತೆ, ಆಗದವರು ಹೋಗಬೇಡಿ. ಅದು ಅವರು ಕೆಲಸ ಮಾಡುವ ಜಾಗ, ಕೇಳದೆ ಫೋಟೋ ತೆಗೆಯಬೇಡಿ. ನೀರಿಗೂ ಇಳಿಯಬೇಡಿ, ಸೆಳೆತ ಜೋರು. 9 ಗಂಟೆಗೆ ಬಿಸಿಲು ಏರುವ ಮುಂಚೆ ಹೊರಟು ರೂಮು ಸೇರಿದೆವು. ಇದಕ್ಕೆಲ್ಲ ಆದ ಖರ್ಚು ಸೈಕಲ್ ಬಾಡಿಗೆ ಅಷ್ಟೆ. ಪ್ಯಾರಡೈಸ್ ಬೀಚ್‌ಗೆ ನಾವು ಹೋಗಲೇ ಇಲ್ಲ. ವಾರಾಂತ್ಯದಲ್ಲಿ ಅಲ್ಲಿಗೆ ಹೋಗುವ ದೋಣಿಗೆ ನಿಂತ ಜನರ ಸಾಲು ನೋಡಿಯೇ ವಾಪಸ್ ಬಂದೆವು.

ಬರುವಾಗ ರಾತ್ರಿ ಬಸ್ ಬೇಡ ಅಂತ ಹಗಲು ಬಸ್ಸು ಹಿಡಿದೆವು, ತಿರುವಣ್ಣಾಮಲೈ ಮೇಲೆ ಹೋಗುವಂಥದ್ದು. ಎಡಗಡೆ ಕಿಟಕಿ ಸೀಟು ಕೇಳಿ ತಗೊಳ್ಳಿ. ಸೆಂಜಿ (ಜಿಂಜಿ) ಬಂದಾಗ ದೊಡ್ಡ ಕೋಟೆ ಬೆಟ್ಟ ಆ ಕಡೆಗೇ ಕಾಣುತ್ತೆ. ಗುಂಡು ಮೇಲೆ ಗುಂಡು ಪೇರಿಸಿದ ಹಾಗೆ, ಥೇಟ್ ದುರ್ಗದ ಹಾಗೆ. ನಿದ್ದೆ ಮಾಡುತ್ತಿದ್ದ ಅಕ್ಕನನ್ನು ಅಲ್ಲಾಡಿಸಿ ಎಬ್ಬಿಸಿ ತೋರಿಸಿದೆ.