ಬಸ್ಸಿನ ಹುಚ್ಚಿನ ಹುಡುಗನಿಗೆ ಆಪಲ್ ಕಾರ್ಡು ಯಾಕೆ?

"ಎಷ್ಟು ಸಿಟ್ಟಿಂಗ್ ಬೇಕಾಗತ್ತೆ ಮೇಡಂ?" ಹಾಸನದ ನನ್ನ ಸ್ಪೀಚ್ ಥೆರಪಿ ಕ್ಲಿನಿಕ್ಕಿಗೆ ಬರುವವರು ಕೂರುವ ಮೊದಲೇ ಇದನ್ನು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಬಸ್ ಚಾರ್ಜು, ಬಿಟ್ಟು ಬಂದ ಕೂಲಿ ಎಲ್ಲ ಲೆಕ್ಕ ಹಾಕಬೇಕಲ್ಲ. ಆದರೆ ಮಗುವನ್ನು ನೋಡುವ ಮೊದಲೇ ಉತ್ತರ ಹೇಳುವವರನ್ನು ನಂಬಬೇಡಿ.

ಮೂರು ವರ್ಷವಾದರೂ ಮಾತು ಬಂದಿಲ್ಲ ಅಂತ ಇಬ್ಬರು ಮಕ್ಕಳು ಒಂದೇ ದಿನ ಬರಬಹುದು. ಒಬ್ಬಳು "ಅಜ್ಜಿ ಚಪ್ಪಲಿ ತಗೊಂಡು ಬಾ" ಅಂದರೆ ಓಡಿ ಹೋಗಿ ತರುತ್ತಾಳೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳೆ. ಬಾಯಲ್ಲಿ ಮಾತ್ರ ಮಾತಿಲ್ಲ. ಇನ್ನೊಬ್ಬ ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ. ಬಿಸ್ಕತ್ತು ಬೇಕಾದರೆ ಅಮ್ಮನ ಕೈ ಎಳೆದುಕೊಂಡು ಹೋಗಿ ಡಬ್ಬದ ಮೇಲೆ ಇಡುತ್ತಾನೆ. ಇಬ್ಬರಿಗೂ ಒಂದೇ ಜೆರಾಕ್ಸ್ ಹಾಳೆ ಕೊಟ್ಟು "ದಿನಾ ಹೇಳಿಸಿ" ಅಂದರೆ ಏನು ಪ್ರಯೋಜನ?

ಇಬ್ಬರಿಗೂ ಮೊದಲು ಆಗಬೇಕಾದ್ದು ಕಿವಿ ಪರೀಕ್ಷೆ. ಬಾಗಿಲು ಬಡಿದರೆ ತಿರುಗುತ್ತಾನೆ ಅನ್ನುವುದು ಪರೀಕ್ಷೆ ಅಲ್ಲ. ದೊಡ್ಡ ಸದ್ದು ಕೇಳುವ ಮಗುವಿಗೆ 'ಸ', 'ಶ'ದಂಥ ಮೆಲು ಸದ್ದು ಕೇಳದೇ ಇರಬಹುದು.

ಚನ್ನರಾಯಪಟ್ಟಣದ ಕಡೆಯಿಂದ ಒಬ್ಬ ಹುಡುಗ ಅಜ್ಜಿ ಜೊತೆ ಬರುತ್ತಿದ್ದ. ಮೊದಲು ಬೇರೆ ಕಡೆ ತೋರಿಸಿದ್ದರು. ಆ ಫೈಲಿನಲ್ಲಿ ಕಲಿಸಬೇಕಾದ ಪದ ಅಂತ ಬರೆದಿದ್ದು ಆಪಲ್, ಬಾಲ್, ಕ್ಯಾಟ್. ಕಾರ್ಡು ತೆಗೆದರೆ ಸಾಕು, ಹುಡುಗ ಟೇಬಲ್ ಕೆಳಗೆ. ಅವನಿಗೆ ಇದ್ದದ್ದು ಒಂದೇ ಹುಚ್ಚು, ಕೆಂಪು ಬಸ್ಸು.

ಸರಿ, ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಇಟ್ಟೆವು. ಅವನು ಡ್ರೈವರ್, ಅಜ್ಜಿ ಪ್ಯಾಸೆಂಜರ್, ನಾನು ಕಂಡಕ್ಟರ್. ನಾನು "ರೈಟ್ ರೈಟ್" ಅಂದರೇನೇ ಬಸ್ಸು ಹೊರಡಬೇಕು. ಆಟ ರೂಢಿಯಾದ ಮೇಲೆ ಒಂದು ದಿನ ನಾನು ಸುಮ್ನೆ ಅವನ ಮುಖ ನೋಡುತ್ತಾ ನಿಂತೆ. ಮನಸ್ಸಲ್ಲೇ ಹತ್ತರ ತನಕ ಎಣಿಸಿದೆ. ತಿರುಗಿ ನೋಡಿದ. ಸ್ಟೀರಿಂಗ್ ಮಾಡಿಕೊಂಡಿದ್ದ ತಟ್ಟೆಯನ್ನು ಬಡಿದ. ಕೊನೆಗೆ "ಐಟ್!" ಅಂದ. 'ರ' ಇರಲಿಲ್ಲ, ಅದು ನನಗೆ ಆಗ ಬೇಕಾಗಿಯೂ ಇರಲಿಲ್ಲ. ಮಕ್ಕಳ ಬಾಯಿಗೆ 'ರ' ತಡವಾಗಿಯೇ ಬರುವುದು. ಬಸ್ಸು ಹೊರಟಿತು. ಅಜ್ಜಿ ಖುಷಿಗೆ ಎದ್ದೇ ಬಿಟ್ಟರು, ಹಿಡಿದು ಕೂರಿಸಿದೆ. ಓಡೋ ಬಸ್ಸಲ್ಲಿ ಪ್ಯಾಸೆಂಜರ್ ಹಾಗೆಲ್ಲ ಎದ್ದೇಳಬಾರದು ಅಲ್ವಾ!

ಆಮೇಲೆ ಅದೇ ಆಟಕ್ಕೆ "ಬಾ", "ಬೇಡ", "ಇಳಿ", "ಹೋಲ್ಡಾನ್" ಸೇರಿಕೊಂಡವು. ಅವನು "ಬಸ್" ಅಂದರೆ ನಾವು "ಬಸ್ ಬಂತು" ಅನ್ನುವುದು. ಅವನೇ "ಬಸ್ ಬಂತು" ಅಂದಾಗ "ಕೆಂಪು ಬಸ್ ಬಂತು". ಅವನಿಗಿಂತ ಒಂದೇ ಒಂದು ಪದ ಜಾಸ್ತಿ. "ಏನಿದು ಹೇಳು, ಹೇಳು" ಅಂತ ಪೀಡಿಸುವುದು ಬಂದ್. ಅಜ್ಜಿಗೆ ಕೊಟ್ಟ ಹೋಂವರ್ಕು ನಿಜವಾದ ಬಸ್ ಸ್ಟ್ಯಾಂಡಿನಲ್ಲಿ.

ವಾರಕ್ಕೆ ಮುಕ್ಕಾಲು ಗಂಟೆ ನಾನು ಮಾಡುವುದಕ್ಕಿಂತ ಮನೆಯವರು ದಿನವಿಡೀ ಮಾಡುವುದೇ ಜಾಸ್ತಿ. ಇದೇನು ನನ್ನ ಹೊಸ ವಿದ್ಯೆ ಅಲ್ಲ. ಮೈಸೂರಿನ ಮಾನಸ ಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಮ್ಮೆಲ್ಲರ ಬಾಯಲ್ಲಿ 'ಸ್ಪೀಚ್ ಅಂಡ್ ಹಿಯರಿಂಗ್', ಶುರುವಾದದ್ದು 1965ರಲ್ಲಿ. ಅಲ್ಲಿನ ಪ್ರೀಸ್ಕೂಲಿನಲ್ಲಿ ಅಮ್ಮಂದಿರೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ. ಮಕ್ಕಳ ಉಚ್ಚಾರಣೆ ನೋಡಲು ಕನ್ನಡದ್ದೇ ಪರೀಕ್ಷೆ 1972ರಲ್ಲೇ ಬಂದಿದೆ. ಇಷ್ಟೆಲ್ಲ ಇದ್ದೂ ಹಳ್ಳಿ ಮಗುವಿನ ಮುಂದೆ ಇಂಗ್ಲಿಷ್ ಕಾರ್ಡು ಹಿಡಿಯುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಇದೇ ಹುಡುಗನ ನರ್ಸರಿಯವರು "ಮನೇಲೂ ಇಂಗ್ಲಿಷೇ ಮಾತಾಡಿ" ಅಂದಿದ್ದರಂತೆ. ಅಜ್ಜಿ ಎಲ್ಲಿಗೆ ಹೋಗಬೇಕು? ಎರಡು ಭಾಷೆ ಕಿವಿಗೆ ಬಿದ್ದ ಮಾತ್ರಕ್ಕೆ ಮಾತು ನಿಲ್ಲುವುದಿಲ್ಲ. ಮನೆಯವರು ಸಲೀಸಾಗಿ ಆಡುವ ಭಾಷೆಯಲ್ಲೇ ಆಡಲಿ, ಅದು ತುಳು ಇರಲಿ, ಉರ್ದು ಇರಲಿ.

ಇನ್ನು ಬಜೆ. ನಾಲಿಗೆಗೆ ಬಜೆ ತಿಕ್ಕಿದರೆ ಮಾತು ಬರುತ್ತೆ ಅಂತ ಕಾಯಬೇಡಿ, ಬರುವುದಿಲ್ಲ. "ಅವರಪ್ಪನೂ ಲೇಟಾಗೇ ಮಾತಾಡಿದ್ದು" ಅಂತಲೂ ಕಾಯಬೇಡಿ. ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ಹೇಳದಿದ್ದರೆ ಒಮ್ಮೆ ತೋರಿಸಿ.

ಬರುವಾಗ ಮಗು ಮನೆಯಲ್ಲಿ ಆಡುತ್ತಿರುವ ಒಂದು ಸಣ್ಣ ವಿಡಿಯೋ ಮಾಡಿಕೊಂಡು ಬನ್ನಿ. ಅದಕ್ಕೆ ಇಷ್ಟದ ಸಾಮಾನು ಒಂದು, ಹಳೆಯ ರಿಪೋರ್ಟುಗಳು. ದಿನವೆಲ್ಲ ಮಗುವಿನ ಜೊತೆ ಇರುವವರು ಯಾರೋ ಅವರೇ ಬರಲಿ, ಅಜ್ಜಿ ಆದರೆ ಅಜ್ಜಿ.