ಬ್ಯಾಂಕಾಕಿಗೆ ಮಹಿಳಾ ಫುಟ್ಸಾಲ್ ತಂಡ ಒಯ್ಯುವ ಕಲಬುರಗಿಯವರಿಗೆ: ಮೊದಲು ಕ್ರೀಡಾಂಗಣ ಕೇಳಿ, ಆಮೇಲೆ ರೂಮು ಹಿಡಿಯಿರಿ

ಅಂತರರಾಷ್ಟ್ರೀಯ ಕ್ಲಬ್ ಟೂರ್ನಿಯ ಆಹ್ವಾನ ಪತ್ರದಲ್ಲಿ ‘ಬ್ಯಾಂಕಾಕ್’ ಎಂದಷ್ಟೇ ಇದ್ದರೆ ಯಾರಿಗೂ ಮುಂಗಡ ಕೊಡಬೇಡಿ. ಪಂದ್ಯ ಯಾವ ಕ್ರೀಡಾಂಗಣದಲ್ಲಿ ಎಂದು ಬರಹದಲ್ಲೇ ತರಿಸಿಕೊಳ್ಳಿ. ಅಲ್ಲಿ ಫುಟ್ಸಾಲಿಗೆ (ಐದೈದು ಜನರ ಒಳಾಂಗಣ ಫುಟ್ಬಾಲ್) ಹೆಸರಾದ ದೊಡ್ಡ ಒಳಾಂಗಣಗಳು ಎರಡು: ಹುವಾಮಾರ್ಕ್ ಮತ್ತು ಬ್ಯಾಂಕಾಕ್ ಅರೇನಾ. ಹುವಾಮಾರ್ಕ್ ನಗರದೊಳಗೇ ಇದೆ. ಅರೇನಾ ಇರುವುದು ಪೂರ್ವದ ಅಂಚಿನ ನೋಂಗ್ ಚೋಕ್‌ನಲ್ಲಿ. 2012ರ ಫುಟ್ಸಾಲ್ ವಿಶ್ವಕಪ್‌ಗೆಂದು ಕಟ್ಟಿದ್ದು, ಸಮಯಕ್ಕೆ ಮುಗಿಯದೆ ಆ ಪಂದ್ಯಗಳು ಬೇರೆಡೆ ನಡೆದವು. ಅರೇನಾವರೆಗೆ ಮೆಟ್ರೊ ಹೋಗುವುದಿಲ್ಲ.

ಏಜೆಂಟರ ಪ್ಯಾಕೇಜಿನಲ್ಲಿ ರೂಮು ಸಾಮಾನ್ಯವಾಗಿ ಪ್ರತುನಾಮ್ ಕಡೆ ಇರುತ್ತದೆ. ನಾವು ತಂಡ ಕರೆದೊಯ್ದಾಗ ಪ್ಯಾಕೇಜ್ ಮಾರಿದವರು ‘ಸ್ಟೇಡಿಯಂ ಹತ್ತಿರ’ ಎಂದಿದ್ದರು. ಅರೇನಾ ಅಲ್ಲಿಂದ ಮೂವತ್ತು ಕಿಲೋಮೀಟರಿಗೂ ದೂರ, ಸಂಜೆಯ ಟ್ರಾಫಿಕ್ಕಿನಲ್ಲಿ ಎರಡು ತಾಸಿನ ದಾರಿ. ಪೇಟೆಯ ನಡುವೆ ಇದೆ ಎಂಬ ಕಾರಣಕ್ಕೇ ದುಬಾರಿ ಬಾಡಿಗೆ. ಮೂರು ಜನರ ರೂಮಿನಲ್ಲಿ ಕಿಟ್ ಬ್ಯಾಗ್ ಇಟ್ಟರೆ ಕಾಲಿಡಲು ಜಾಗವಿಲ್ಲ. ಆಟ ಅರೇನಾದಲ್ಲಿದ್ದರೆ ಪಕ್ಕದ ಮಿನ್ ಬುರಿ ಸುತ್ತ ರೂಮು ಹಿಡಿಯಿರಿ. ಪೇಟೆ ನೋಡುವ ಆಸೆಯಿದ್ದರೆ ಆಟವಿಲ್ಲದ ದಿನ ಪಿಂಕ್ ಲೈನ್ ಮೋನೊರೈಲು ಹತ್ತಬಹುದು. ಅದು ಮಿನ್ ಬುರಿವರೆಗೆ ಬರುತ್ತದೆ.

ಇಡೀ ಪ್ರಯಾಣದಲ್ಲಿ ಹೆಚ್ಚು ಹೈರಾಣಾಗಿಸಿದ್ದು ವಿಮಾನವಲ್ಲ, ಕಲಬುರಗಿಯಿಂದ ಶಂಶಾಬಾದಿಗೆ ಹಿಡಿದ ಟಿಟಿ (ಟೆಂಪೊ ಟ್ರಾವೆಲರ್). ಹುಮನಾಬಾದ್, ಜಹೀರಾಬಾದ್ ದಾಟಿ ಪಟಾನ್‌ಚೆರು ಬಳಿ ಔಟರ್ ರಿಂಗ್ ರೋಡ್ ಹತ್ತಿದರೆ ಹೈದರಾಬಾದಿನೊಳಗೆ ಕಾಲಿಡದೆ ವಿಮಾನ ನಿಲ್ದಾಣ ಸೇರಬಹುದು. ನಮ್ಮ ಡ್ರೈವರ್ ಟೋಲ್ ಉಳಿಸಲು ಗಾಡಿಯನ್ನು ಕೂಕಟ್‌ಪಲ್ಲಿಗೆ ನುಗ್ಗಿಸಿದ. ಸಂಜೆ ಆ ರಸ್ತೆ ತೆವಳುತ್ತದೆ. ಎಸಿ ಕೆಟ್ಟಿತ್ತು, ಬ್ಯಾಗುಗಳು ಸೀಟಿನ ನಡುವೆ ತುರುಕಿದ್ದವು, ಹುಡುಗಿಯರ ಮೊಣಕಾಲು ಮಡಚಿದ್ದು ಮಡಚಿದಂತೆಯೇ. ಗಾಡಿ ಗೊತ್ತುಮಾಡುವಾಗ ಮೂರು ಮಾತು ಬರೆಸಿಕೊಳ್ಳಿ: ಟೋಲ್ ಯಾರದು, ರಿಂಗ್ ರೋಡಿನಿಂದಲೇ ಹೋಗಬೇಕು, ತೆಲಂಗಾಣಕ್ಕೆ ಪರ್ಮಿಟ್ ಇದೆ. ಮೂರನೆಯದು ಬಿಟ್ಟರೆ ಆ ದುಡ್ಡು ನಿಮ್ಮ ತಲೆಗೇ ಬರಬಹುದು. ಹದಿನಾಲ್ಕು ಆಟಗಾರ್ತಿಯರು, ಕೋಚ್, ಮ್ಯಾನೇಜರ್ ಇದ್ದರೆ ಹದಿನೇಳು ಸೀಟಿನ ಗಾಡಿ ಸಾಲುತ್ತದೆ, ಆದರೆ ಮೇಲೆ ಕ್ಯಾರಿಯರ್ ಇರಲೇಬೇಕು.

ಊಟದ ಮಾತಿಗೆ ಬಂದರೆ ನೋಂಗ್ ಚೋಕ್ ಪುಣ್ಯದ ಜಾಗ. ಅಲ್ಲಿ ಮುಸ್ಲಿಮರು ಬಹಳ, ಹಲಾಲ್ ಅಂಗಡಿಗಳೂ ಬಹಳ; ಹಂದಿ ಮಾಂಸದ ಅನುಮಾನವಿಲ್ಲದೆ ಕೂತು ಉಣ್ಣಬಹುದು. ‘ಖಾವ್ ಮೊಕ್ ಗಾಯ್’ ಎಂದು ಕೇಳಿ. ಅರಿಶಿನದ ಅನ್ನ, ಒಳಗೆ ಬೆಂದ ಕೋಳಿ, ಮೇಲೆ ಕರಿದ ಉಳ್ಳಾಗಡ್ಡಿ, ಪಕ್ಕದಲ್ಲಿ ಸೌತೆಕಾಯಿ. ನಮ್ಮ ತಹರಿಯ ಪಕ್ಕದ ಮನೆಯದು ಅನ್ನಬಹುದು. ಜೊತೆಗೆ ಕೊಡುವ ಹಸಿರು ಚಟ್ನಿ ಸಿಹಿ-ಹುಳಿ; ಖಾರ ಬೇಕಾದವರು ಬೇರೆ ಕೇಳಬೇಕು. ನಾವು ಉಂಡ ಶೀಟಿನ ಚಪ್ಪರದ ಅಂಗಡಿಯಲ್ಲಿ ತಟ್ಟೆಗೆ 60 ಬಾತ್ (ಅಲ್ಲಿಯ ಹಣ). ಬೆಳಿಗ್ಗೆ ಬಿಸಿ ಮೈದಾ ರೊಟ್ಟಿಯೂ ಸಿಗುತ್ತಿತ್ತು. ಅಂಗಡಿಯಾಕೆ ನಮ್ಮ ಪಂದ್ಯದ ವೇಳೆ ತಿಳಿದ ಮೇಲೆ ಮೂರು ತಾಸು ಮೊದಲೇ ತಟ್ಟೆ ಸಿದ್ಧ ಮಾಡಿಡುತ್ತಿದ್ದಳು. ಪ್ರತುನಾಮ್‌ನ ಇಂಡಿಯನ್ ಹೋಟೆಲುಗಳ ದಾಲ್ ಇದರ ಮುಂದೆ ಏನೂ ಅಲ್ಲ. ಸಸ್ಯಾಹಾರಿಗಳಿಗೆ ಎಚ್ಚರ ಬೇಕು: ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರುವ ‘ಜೇ’ (ಶುದ್ಧ ಸಸ್ಯಾಹಾರ) ಅಂಗಡಿ ಹುಡುಕಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬ್ಯಾಗಿನಲ್ಲಿರಲಿ.

ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಯಂತ್ರದಿಂದ ಚೀಟಿ ಪಡೆದೇ ಟ್ಯಾಕ್ಸಿ ಹತ್ತಿ. ಮೀಟರಿನ ಮೇಲೆ 50 ಬಾತ್ ನಿಲ್ದಾಣದ ಶುಲ್ಕ, ಜೊತೆಗೆ ಟೋಲ್. ಇವೆರಡೂ ನಿಯಮದಂತೆಯೇ, ಜಗಳ ಬೇಡ. ಥಾಯ್ಲೆಂಡಿನ ಡಿಜಿಟಲ್ ಅರೈವಲ್ ಕಾರ್ಡನ್ನು ಇಳಿಯುವುದಕ್ಕೆ ಮೊದಲಿನ ಮೂರು ದಿನದೊಳಗೆ ಪ್ರತಿಯೊಬ್ಬರಿಗೂ ತುಂಬಿ.

ಕ್ರೀಡಾಂಗಣದ ವ್ಯಾನನ್ನು ಒಂದು ತಾಸಿನ ಲೆಕ್ಕದಲ್ಲಿ ಗೊತ್ತುಮಾಡಬೇಡಿ. ಆಟ ಇಪ್ಪತ್ತು ನಿಮಿಷದ ಎರಡು ಭಾಗವೇ ಆದರೂ ಚೆಂಡು ಗೆರೆ ದಾಟಿದಾಗೆಲ್ಲ ಗಡಿಯಾರ ನಿಲ್ಲುತ್ತದೆ; ಒಂದೂವರೆ ತಾಸು ಹಿಡಿಯುತ್ತದೆ. ರಾತ್ರಿ ನೋಂಗ್ ಚೋಕ್‌ನಲ್ಲಿ ಖಾಲಿ ಟ್ಯಾಕ್ಸಿ ಸಿಗುವುದು ಕಷ್ಟ.

ಕಿಟ್‌ನಲ್ಲಿ ಕೆಡುವುದು ಎರಡೇ. ಗುರುತು ಬೀಳದ ಚಪ್ಪಟೆ ಅಡಿಯ ಶೂ ಬೇಕು, ಸ್ಟಡ್ ನಡೆಯದು. ಹೊಸ ಶೂವನ್ನು ಅಲ್ಲೇ ಮೊದಲ ಸಲ ಹಾಕಿದರೆ ಎರಡನೇ ಪಂದ್ಯಕ್ಕೆ ಹಿಮ್ಮಡಿ ಬೊಬ್ಬೆ ಎದ್ದಿರುತ್ತದೆ. ಇನ್ನೊಂದು, ಕೊನೆಯ ನಿಮಿಷಗಳಲ್ಲಿ ಗೋಲ್‌ಕೀಪರ್ ಬದಲು ಐದನೇ ಆಟಗಾರ್ತಿಯನ್ನು ಮುಂದೆ ಕಳಿಸುವ ಯೋಜನೆಯಿದ್ದರೆ, ಆಕೆಗೆ ಕೀಪರ್ ಬಣ್ಣದ, ಬೆನ್ನ ಮೇಲೆ ಆಕೆಯದೇ ನಂಬರಿರುವ ಜೆರ್ಸಿ ಬೇಕು. ಅದನ್ನು ಕಲಬುರಗಿಯಲ್ಲೇ, ಕೀಪರ್ ಜೆರ್ಸಿಯ ಎರಡೂ ಬಣ್ಣಗಳಲ್ಲಿ ಪ್ರಿಂಟ್ ಹಾಕಿಸಿ ತನ್ನಿ.